ಫ್ಯಾನು ಗುರುತಿಸಿದ ಬಿಸಿ

ಫೌಜಿಯಾ ತನ್ನ ಗೇಮಿಂಗ್ ಕಂಪ್ಯೂಟರಿನ ಹಳೆಯ ಫ್ಯಾನನ್ನು ಬಿಚ್ಚಿ ಮೇಜಿನ ಮೂಲೆಗಿಟ್ಟಳು. "ಸಾಕಪ್ಪಾ ನಿನ್ನ ಗರಗರ!" ಎಂದು ಅದರ ಜಾಗದಲ್ಲಿ ನೀರಿನ ಕೊಳವೆಗಳನ್ನು ಜೋಡಿಸಿದಳು. ಜಾಯಿಂಟುಗಳ ಕೆಳಗೆ ಟಿಶ್ಯೂ ಪೇಪರು ಹಾಸಿ ನೋಡಿ, ಒಂದು ಹನಿಯೂ ಸೋರಲಿಲ್ಲವೆಂದು ಹಿಗ್ಗಿದಳು.

"ಅಜ್ಜಾ, ನಾನು ನಿನ್ನಂತೆ ಊರಿಗೆಲ್ಲ ಡಂಗುರ ಹೊಡೆದು ದುಡಿಯುವವನಲ್ಲ," ಎಂದಿತು ಕೊಳವೆಯೊಳಗಿನ ನೀರು, ಮೂಲೆಯ ಫ್ಯಾನಿಗೆ.

ಫ್ಯಾನಿಗೆ ಪ್ರೊಸೆಸರಿನ ಬಿಸಿಯುಸಿರು ಮುಖಕ್ಕೆ ತಾಗುತ್ತಿದ್ದ ದಿನಗಳು ನೆನಪಾದವು. ಆಟ ಜೋರಾದಾಗ ಎರಡೂ ಒಟ್ಟಿಗೇ ಏದುಸಿರು ಬಿಡುತ್ತಿದ್ದವು.

ಆಟ ಶುರುವಾಯಿತು. ನೀರು ಪ್ರೊಸೆಸರಿನ ಬಿಸಿಯನ್ನು ಹೊತ್ತು, ಅದನ್ನು ಹೊರಹಾಕುವ ರೇಡಿಯೇಟರಿಗೆ ಓಡಿತು. ಅಲ್ಲಿ ಹೊರೆ ಇಳಿಸಿಕೊಳ್ಳಲು ಗಾಳಿಯೇ ಇರಲಿಲ್ಲ. ಹೊತ್ತದ್ದನ್ನೇ ಮರಳಿ ಹೊತ್ತು ತಂದಿತು. ಹಾಗೆ ಸುತ್ತಿ ಸುತ್ತಿ ತಾನೇ ಸುಡತೊಡಗಿತು, ಕೊನೆಗೆ ಕಂಪ್ಯೂಟರು ಆರಿಹೋಯಿತು.

"ಅಜ್ಜಾ, ಹೊರುವುದಷ್ಟೇ ನನಗೆ ಗೊತ್ತು. ಇಳಿಸುವುದು ಗೊತ್ತಿಲ್ಲ," ಎಂದಿತು ನೀರು, ಮೆಲ್ಲಗೆ.

"ಅಯ್ಯೋ, ಗಾಳಿಯನ್ನೇ ಮರೆತೆನಲ್ಲ!" ಎಂದು ಫೌಜಿಯಾ ಹಳೆಯ ಫ್ಯಾನಿನ ಧೂಳು ಒರೆಸಿ ರೇಡಿಯೇಟರಿಗೆ ಬಿಗಿದಳು. ಗರಗರ ಮತ್ತೆ ಎದ್ದಿತು. ಮುಖಕ್ಕೆ ತಾಗಿದ ಬಿಸಿಯನ್ನು ಫ್ಯಾನು ತಕ್ಷಣ ಗುರುತಿಸಿತು.

"ಬಂದೆಯಾ ಗೆಳೆಯಾ? ನೀನೀಗ ನೀರಿನ ಪಲ್ಲಕ್ಕಿಯಲ್ಲಿ ಬರುವಷ್ಟು ದೊಡ್ಡವನಾದೆಯಲ್ಲ!"