ಅಧ್ಯಕ್ಷರ ಕಾಗದಕ್ಕೆ ಬೀಗವಿಲ್ಲ

ಪುರಸಭೆಗೆ ಇದ್ದದ್ದು ಒಂದೇ ಪ್ರಿಂಟರ್. ಎರಡು ಪ್ರೋಗ್ರಾಮುಗಳು ಒಟ್ಟಿಗೆ ನುಗ್ಗಿದರೆ ಇದರ ಸಾಲು ಅದರೊಳಗೆ ಸೇರಿ ಕಲಸುಮೇಲೋಗರ. ಅದಕ್ಕೇ ಗುಮಾಸ್ತೆ ಕಂಪ್ಯೂಟರಿನಲ್ಲಿ ಒಂದು ಬೀಗ ಬರೆದಿಟ್ಟಿದ್ದಳು: ಒಂದರ ಕೆಲಸ ಮುಗಿಯುವ ತನಕ ಇನ್ನೊಂದು ಕಾಯಬೇಕು.

"ನನ್ನ ಸನ್ಮಾನಪತ್ರ ಕಾಯೋದಾ? ಬೀಗ ತೆಗಿ, ಇಲ್ಲಾಂದ್ರೆ ನಿನ್ನ ಎತ್ತಂಗಡಿ ಮಾಡಿಸ್ತೀನಿ!" ಅಧ್ಯಕ್ಷರು ಗುಡುಗಿದರು.

"ಅಪ್ಪಣೆ ಸಾರ್." ಗುಮಾಸ್ತೆ ತೆಗೆದೇಬಿಟ್ಟಳು. ಆಗ ಅಚ್ಚಾಗುತ್ತಿದ್ದದ್ದು ಬೀದಿನಾಯಿಗಳ ನೋಟಿಸು.

ಅಧ್ಯಕ್ಷರು ಬಿಸಿಬಿಸಿ ಕಾಗದ ಕಿತ್ತುಕೊಂಡು ಸದಸ್ಯರೆದುರು ಗಟ್ಟಿಯಾಗಿ ಓದಿದರು: "ಊರಿನ ಹೆಮ್ಮೆಯ ಅಧ್ಯಕ್ಷರನ್ನು ಬಲೆ ಹಾಕಿ ಹಿಡಿದು, ಗಣ್ಯರ ಸಮ್ಮುಖದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ..."

ಸದಸ್ಯರು ಬಾಯಿಗೆ ಟವೆಲು ತುರುಕಿಕೊಂಡರು.

"ಹಾಕಮ್ಮಾ ಬೀಗ! ಮೊದಲು ನಂದು ಸರಿಯಾಗಿ ತೆಗೆದುಕೊಡು!"

ಗುಮಾಸ್ತೆ ಬೀಗ ಹಾಕಿ ಕೈಕಟ್ಟಿ ಕೂತಳು.

"ಸ್ವಲ್ಪ ಕಾಯಿರಿ ಸಾರ್. ನಾಯಿಗಳು ನಿಮಗಿಂತ ಮುಂಚೆ ಬಂದಿವೆ."