ಹಳೆ ಕತ್ತರಿ ಎಂಬ ಹೆಸರು

“ಗುರುಗಳೇ, ಇನ್ನೊಬ್ಬರ ತಪ್ಪನ್ನು ತೋರಿಸಿಕೊಡುವುದು ತಪ್ಪೇ?”

ಹೀಗೆ ಕೇಳಿದವನು ರಾಚಯ್ಯ, ಮಠದಲ್ಲಿ ಎಂಟು ವರ್ಷದಿಂದ ಇರುವ ಶಿಷ್ಯ. ಗುರುಗಳು ಬೆಳಿಗ್ಗೆ ಆಡುವ ಮಾತುಗಳನ್ನು ಫೋನಿನಲ್ಲಿ ಹಿಡಿದು ತನ್ನ ಚಾನೆಲಿಗೆ ಹಾಕುತ್ತಿದ್ದ. ನೋಡುವವರು ನಲವತ್ತು ಜನ. ಅವನಿಗಿಂತ ಆರು ವರ್ಷ ತಡವಾಗಿ ಮಠಕ್ಕೆ ಬಂದ ಚೆನ್ನವೀರ ಎಂಬ ಶಿಷ್ಯ ತನ್ನ ಚಾನೆಲಿನಲ್ಲಿ ಹಿತ್ತಿಲಿನ ಬದನೆ ಗಿಡಗಳನ್ನು ತೋರಿಸುತ್ತಿದ್ದ. ಅದನ್ನು ನೋಡುವವರು ನಲವತ್ತು ಸಾವಿರ.

ಗುರುಗಳು ಶೇಂಗಾ ಸುಲಿಯುತ್ತಿದ್ದರು. “ಯಾರ ತಪ್ಪು?” ಎಂದರು.

“ಹಾಗೇನಿಲ್ಲ, ಸುಮ್ಮನೆ ಕೇಳಿದೆ. ಚೆನ್ನವೀರ ಮಟಮಟ ಮಧ್ಯಾಹ್ನ ಗಿಡಕ್ಕೆ ನೀರು ಹಾಕುವುದನ್ನು ತೋರಿಸಿದ್ದ. ಅದು ತಪ್ಪು ಎಂದು ಕೆಳಗೆ ಯಾರೋ ಬರೆದಿದ್ದಾರೆ. ಸ್ವಲ್ಪ ಖಾರವಾಗಿಯೇ ಬರೆದಿದ್ದಾರೆ. ಆದರೆ ಬರೆದದ್ದು ಸರಿಯಾಗಿದೆ.”

“ನನ್ನ ಮಾತಿಗಿಂತ ಬದನೆಕಾಯಿ ಜನರಿಗೆ ಹೆಚ್ಚು ಬೇಕಾಗಿದೆ ಎಂದು ನನಗೇ ಬೇಸರವಿಲ್ಲ. ನಿನಗೇಕಯ್ಯ?” ಎಂದು ಗುರುಗಳು ನಕ್ಕರು. ರಾಚಯ್ಯ ನಗಲಿಲ್ಲ. ಗುರುಗಳು ಶೇಂಗಾದ ಬುಟ್ಟಿಯನ್ನು ಅವನ ಮುಂದಕ್ಕೆ ತಳ್ಳಿ, ನೀನೂ ಸುಲಿ ಎಂದು ಹೇಳಿ, ಕತೆ ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿಯಿದ್ದ. ರವಿಕೆ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅವನು ಹೊಲಿದ ರವಿಕೆ ತೊಟ್ಟವಳು ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತಿರಲಿಲ್ಲ, ಸೊಂಟದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಮದುವೆ ಗೊತ್ತಾದ ಮನೆಯವರು ಸೀರೆ ತೆಗೆಯುವ ಮೊದಲೇ ಅವನ ಬಳಿ ಬಂದು ದಿನ ಕೇಳಿಕೊಂಡು ಹೋಗುತ್ತಿದ್ದರು.

ಅವನದು ಒಂದು ರೂಢಿ. ಬಟ್ಟೆಗೆ ಕತ್ತರಿ ಹಾಕುವಾಗ ಪರದೆ ಎಳೆದುಕೊಳ್ಳುತ್ತಿದ್ದ. ಒಳಗೆ ಏನು ಮಾಡುತ್ತಾನೆ ಎಂದು ಯಾರೂ ನೋಡುವಂತಿರಲಿಲ್ಲ. ಇನ್ನೊಂದು ರೂಢಿಯೂ ಇತ್ತು, ಆದರೆ ಅದು ರೂಢಿ ಎಂದು ಯಾರಿಗೂ ಹೊಳೆದಿರಲಿಲ್ಲ. ಅಳತೆ ತೆಗೆದಾದ ಮೇಲೆ, “ಅಮ್ಮಾ, ಆ ಮೇಲಿನ ಹಲಗೆಯಲ್ಲಿ ದಾರದ ಡಬ್ಬಿ ಇದೆ, ಸ್ವಲ್ಪ ತೆಗೆದುಕೊಡಿ” ಎನ್ನುತ್ತಿದ್ದ. ಬಂದವಳು ಕೈ ಎತ್ತಿ ತೆಗೆದುಕೊಡುತ್ತಿದ್ದಳು. ಪಾಪ, ಭುಜ ನೋವಿರಬೇಕು ಎಂದು ಜನ ಅಂದುಕೊಂಡಿದ್ದರು.

ಅಂಗಡಿಯ ಮೂಲೆಯಲ್ಲಿ ಕೂತು ಹುಕ್ಕು ಹಾಕುವ, ಅಂಚು ಮಡಿಚಿ ಹೊಲಿಯುವ ಒಬ್ಬ ಹೆಂಗಸಿದ್ದಳು. ಒಂಬತ್ತು ವರ್ಷ ಅದನ್ನೇ ಮಾಡಿದಳು. ಸಂಜೆ ಬಾಗಿಲು ಹಾಕುವ ಮೊದಲು ಆ ಡಬ್ಬಿಯನ್ನು ಮತ್ತೆ ಮೇಲಿಡುವ ಕೆಲಸವೂ ಅವಳದೇ. ಒಂದು ದಿನ ಧೈರ್ಯ ಮಾಡಿ, ಕತ್ತರಿಸುವುದನ್ನು ಕಲಿಸಿಕೊಡಿ ಎಂದು ಕೇಳಿದಳು. ಹುಕ್ಕು ಹಾಕುವ ಕೈಗೆ ಕತ್ತರಿ ಯಾಕೆ ಎಂದುಬಿಟ್ಟ. ಅವಳು ಎರಡನೇ ಸಲ ಕೇಳಲಿಲ್ಲ. ಯುಗಾದಿ ಕಳೆದ ಮೇಲೆ ಕೆಲಸ ಬಿಟ್ಟಳು.

ಮನೆಯಲ್ಲಿ ಒಂದು ಹಳೆಯ ಮೆಷಿನ್ ಇಟ್ಟುಕೊಂಡು ಹೊಲಿಯತೊಡಗಿದಳು. ಫೋನನ್ನು ಲಂಗದ ಲಾಡಿಯಿಂದ ಕಿಟಕಿಯ ಸರಳಿಗೆ ಕಟ್ಟಿ, ನೆಲದ ಮೇಲೆ ಬಟ್ಟೆ ಹಾಸಿ, ತಾನು ಕತ್ತರಿಸುವುದನ್ನು ಎಲ್ಲರಿಗೂ ತೋರಿಸಿದಳು. ಅವಳಿಗೆ ಪೂರ್ತಿ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಒಮ್ಮೆ ತೋಳು ತಿರುಗುಮುರುಗಾಗಿ ಕೂತಾಗ ಆ ವಿಡಿಯೊವನ್ನು ಅಳಿಸಲಿಲ್ಲ, ಬಿಚ್ಚಿ ಮತ್ತೆ ಹೊಲಿಯುವುದನ್ನೂ ಹಾಕಿದಳು. ನೂರು ಜನ ನೋಡಿದರು. ಆಮೇಲೆ ಸಾವಿರ, ಆಮೇಲೆ ಐವತ್ತು ಸಾವಿರ.

ದರ್ಜಿಗೆ ಸುದ್ದಿ ಮುಟ್ಟಿಸಿದವಳು ಅವನ ಗಿರಾಕಿಯೇ. “ನಿಮ್ಮಲ್ಲಿ ಹುಕ್ಕು ಹಾಕುತ್ತಿದ್ದವಳು ಈಗ ಊರೂರಿಗೇ ಕಲಿಸುತ್ತಾಳೆ ಮಾಸ್ತರೇ” ಎಂದು ಫೋನು ಮುಂದೆ ಹಿಡಿದಳು. ಅವನು ನೋಡಿದ. ಅಂದಿನ ಊಟ ರುಚಿಸಲಿಲ್ಲ.

ತಾನೂ ಚಾನೆಲ್ ತೆರೆದ. ಫೋನಿಗೆ ಸ್ಟ್ಯಾಂಡು ತಂದ, ಹೊಸ ಅಂಗಿ ತೊಟ್ಟ, ತನ್ನ ಮೂವತ್ತು ವರ್ಷದ ಸಾಧನೆಯನ್ನು ಬಣ್ಣಿಸಿದ. ಆದರೆ ಕತ್ತರಿ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಎಂದಿನಂತೆ ಪರದೆ ಎಳೆದ. ಮುಂದಿನ ಹತ್ತು ನಿಮಿಷ ವಿಡಿಯೊದಲ್ಲಿ ಪರದೆಯೊಂದೇ ಇತ್ತು. ನೋಡಿದವರ ಲೆಕ್ಕ ಮೂವತ್ತೊಂದು ತೋರಿಸಿತು, ಅದರಲ್ಲಿ ಹನ್ನೆರಡು ಸಲ ಅವನೇ ನೋಡಿದ್ದ. ಕೆಳಗೆ ಬಂದದ್ದು ಒಂದೇ ಕಮೆಂಟು: ಪರದೆಯ ಬಟ್ಟೆ ಚೆನ್ನಾಗಿದೆ, ಎಲ್ಲಿ ಸಿಗುತ್ತದೆ?

ಆ ಕಮೆಂಟನ್ನು ಅಳಿಸಿದ. ವಿಡಿಯೊದ ತಲೆಬರಹ ಬದಲಿಸಿದ. ಮುಖಚಿತ್ರದಲ್ಲಿದ್ದ ತನ್ನ ಫೋಟೊ ತೆಗೆದು ರೇಷ್ಮೆ ರವಿಕೆಯ ಫೋಟೊ ಹಾಕಿದ. ಕೊನೆಗೆ ವಿಡಿಯೊವನ್ನೇ ತೆಗೆದು, ಹೊಸದೆಂಬಂತೆ ಇನ್ನೊಮ್ಮೆ ಹಾಕಿದ. ಈ ಸಲ ಒಂಬತ್ತು ಜನ ನೋಡಿದರು.

ಅಂದಿನಿಂದ ಅವನು ತನ್ನ ಚಾನೆಲ್ ಬಿಟ್ಟು ಅವಳದನ್ನು ಕಾಯತೊಡಗಿದ. ಅವಳು ಹೊಸದು ಹಾಕಿದ ಕೂಡಲೇ ತಿಳಿಯಲೆಂದು ಗಂಟೆಯ ಗುರುತು ಒತ್ತಿಟ್ಟುಕೊಂಡ. ಟಣ್ ಎಂದರೆ ಸಾಕು, ಮೆಷಿನ್ ನಿಲ್ಲಿಸಿ, ಪರದೆ ಎಳೆದುಕೊಂಡು ನೋಡುತ್ತಿದ್ದ. ತಡೆದು ತಡೆದು, ಹಿಂದಕ್ಕೆ ಸರಿಸಿ ಸರಿಸಿ ನೋಡುತ್ತಿದ್ದ. ಅವಳ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ನೋಡಿದ ಒಬ್ಬನೇ ಮನುಷ್ಯ ಅವನಿರಬೇಕು. ಪ್ರೀತಿಯಿಂದ ನೋಡುವವರಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಫೋನಿನಲ್ಲಿ ಇನ್ನೊಂದು ಹೆಸರು ಹುಟ್ಟಿಸಿಕೊಳ್ಳುವುದು ಕಷ್ಟವಲ್ಲ. ಅವನು ‘ಹಳೆ ಕತ್ತರಿ’ ಎಂಬ ಹೆಸರು ಮಾಡಿಕೊಂಡು ಅವಳ ವಿಡಿಯೊದ ಕೆಳಗೆ ಬರೆದ: “ಲೈನಿಂಗ್ ಬಟ್ಟೆಯನ್ನು ನೆನೆಸದೆ ಕತ್ತರಿಸಿದ್ದೀಯ. ಒಂದು ಒಗೆತಕ್ಕೆ ಒಳಬಟ್ಟೆ ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಬಾರದವರು ಕಲಿಸಲು ಕೂರಬಾರದು.” ಬರೆದು, ಅವಳು ನಾಚಿಕೆಯಿಂದ ಬಾಗಿಲು ಮುಚ್ಚುತ್ತಾಳೆ ಎಂದು ದಿನವಿಡೀ ಕಾದ.

ಸಂಜೆಗೆ ಉತ್ತರ ಬಂತು. “ನಿಜ ಗುರುಗಳೇ, ನನ್ನ ತಪ್ಪು. ನಾಳೆ ನೆನೆಸಿ ಒಣಗಿಸಿ ತೋರಿಸುತ್ತೇನೆ.” ಮರುದಿನ ತೋರಿಸಿದಳು. ಅವನ ಕಮೆಂಟನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ ಇಟ್ಟಳು.

ಅವನ ಮೈ ಉರಿಯಿತು. ಇನ್ನೊಂದು ತಪ್ಪು ಹುಡುಕಿದ. ಕತ್ತಿನ ಪಟ್ಟಿಯನ್ನು ನೇರ ಎಳೆಯಲ್ಲಿ ಕತ್ತರಿಸಿದ್ದೀಯ, ತಲೆ ಕೆಟ್ಟಿದೆಯೇ ಎಂದು ಬರೆದ. ನೋಡುವವರು ಬಿಡಲಿಲ್ಲ. ತಪ್ಪು ಅಂದರೆ ಸಾಲದು, ಸರಿ ಯಾವುದು ಹೇಳಿ ಎಂದು ಕೇಳಿದರು. ಅವನಿಗೆ ಗೊತ್ತಿಲ್ಲ ಎಂದು ಜನ ಅಂದುಕೊಂಡರೆ? ಅದನ್ನು ಅವನಿಂದ ಸಹಿಸಲಾಗಲಿಲ್ಲ. ಓರೆಯಾಗಿ ಕತ್ತರಿಸಬೇಕು, ಇಷ್ಟು ಅಗಲ ಇರಬೇಕು, ಹೀಗೆ ಎಳೆದು ಹಿಡಿದು ಹೊಲಿಯಬೇಕು ಎಂದು ಬರೆದ. ಅವಳು ಹಾಗೆಯೇ ಮಾಡಿ ತೋರಿಸಿದಳು.

ಹೀಗೆ ಒಂದು ವರ್ಷ ನಡೆಯಿತು. ಬೈಗುಳ ಮುಂದೆ, ವಿದ್ಯೆ ಹಿಂದೆ. ಅವಳು ಬೈಗುಳವನ್ನು ಬಿಟ್ಟು ವಿದ್ಯೆಯನ್ನು ಆರಿಸಿಕೊಂಡಳು. ಮೂವತ್ತು ವರ್ಷ ಪರದೆಯ ಹಿಂದೆ ಬಚ್ಚಿಟ್ಟದ್ದನ್ನು ದರ್ಜಿ ತನ್ನ ಕೈಯಾರೆ ಒಂದೊಂದಾಗಿ ಹೊರಗೆ ಸುರಿದ. ಉಳಿದದ್ದು ಕಂಕುಳ ಗುಟ್ಟು ಒಂದೇ. ಅದನ್ನು ಮಾತ್ರ ಸಾಯುವವರೆಗೆ ಬಿಡುವುದಿಲ್ಲ ಎಂದುಕೊಂಡಿದ್ದ.

ಅಷ್ಟರಲ್ಲಿ ಹಳೆ ಕತ್ತರಿಯ ಹೆಸರು ದೊಡ್ಡದಾಯಿತು. ವಿಡಿಯೊ ನೋಡದೆ ಅವನ ಕಮೆಂಟು ಓದಲೆಂದೇ ಬರುವವರಿದ್ದರು. ಒಂದು ದಿನ ಹಳೆಯ ಗಿರಾಕಿಯೊಬ್ಬಳು ದರ್ಜಿಗೇ ಬುದ್ಧಿ ಹೇಳಿದಳು, ಪಟ್ಟಿಯನ್ನು ಹಳೆ ಕತ್ತರಿ ಹೇಳಿದ ಹಾಗೆ ಹಾಕಿ ಎಂದು. ಅವನಿಗೇನು ಗೊತ್ತು ಎಂದು ದರ್ಜಿ ರೇಗಿದ. “ಅವರ ಮುಂದೆ ನೀವು ಯಾವ ಲೆಕ್ಕ ಬಿಡಿ ಮಾಸ್ತರೇ” ಎಂದು ನಕ್ಕು ಅವಳು ಹೊರಟುಹೋದಳು.

ಈಗ ನೋಡು ಮಜಾ. ಇಷ್ಟು ದಿನ ಅವಳ ಮೇಲಿದ್ದ ಹೊಟ್ಟೆಕಿಚ್ಚು ಹಳೆ ಕತ್ತರಿಯ ಮೇಲೆ ತಿರುಗಿತು. ತಾನು ಕೇಳುವವರಿಲ್ಲದೆ ಮೂಲೆಯಲ್ಲಿ ಕೂತಿರಬೇಕು, ಆ ಪುಣ್ಯಾತ್ಮನಿಗೆ ಮಾತ್ರ ಎಲ್ಲರ ನಮಸ್ಕಾರ. ದರ್ಜಿ ಮೂರನೆಯ ಹೆಸರು ಮಾಡಿಕೊಂಡ. “ಹಳೆ ಕತ್ತರಿಗೆ ತುಕ್ಕು ಹಿಡಿದಿದೆ. ಕಂಕುಳಲ್ಲಿ ಹಿಡಿಯದ ಹಾಗೆ ಕತ್ತರಿಸುವುದು ಹೇಗೆಂದು ಹೇಳಲಿ ನೋಡೋಣ. ಅದು ನಮ್ಮ ಪೇಟೆಯ ದರ್ಜಿಗೆ ಮಾತ್ರ ಗೊತ್ತು” ಎಂದು ಬರೆದ.

ಜನ ಆ ಮೂರನೆಯ ಹೆಸರಿನ ಮೇಲೆ ಮುಗಿಬಿದ್ದರು. ಹೊಟ್ಟೆಕಿಚ್ಚಿನವನು ಎಂದರು. ಆಮೇಲೆ ಹಳೆ ಕತ್ತರಿಯನ್ನು ಕೇಳಿದರು: ಗುರುಗಳೇ, ಇವನ ಬಾಯಿ ಮುಚ್ಚಿಸಿ, ಕಂಕುಳ ವಿಷಯ ಹೇಳಿಬಿಡಿ. ದರ್ಜಿ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಒಬ್ಬ ಬರೆದ: ಹಳೆ ಕತ್ತರಿಗೂ ಇದು ಗೊತ್ತಿಲ್ಲ ಅಂತ ಕಾಣುತ್ತದೆ.

ಅದನ್ನೂ ಅವನಿಂದ ತಡೆಯಲಾಗಲಿಲ್ಲ. ಎಷ್ಟಾದರೂ ಅದೂ ಅವನೇ ತಾನೆ! ಬರೆದ: “ಕೈ ಇಳಿಬಿಟ್ಟು ನಿಂತಾಗ ತೆಗೆದ ಅಳತೆ ಸಾಲದು. ರವಿಕೆ ತೊಟ್ಟವಳು ಕಂಬದ ಹಾಗೆ ನಿಂತಿರುವುದಿಲ್ಲ. ಮೇಲಿನ ಹಲಗೆಯಿಂದ ಒಂದು ಡಬ್ಬಿ ತೆಗೆದುಕೊಡಲು ಹೇಳಿ. ಕೈ ಎತ್ತಿದಾಗ ಅವಳ ಹಳೆಯ ರವಿಕೆ ಎಷ್ಟು ಮೇಲೇಳುತ್ತದೆ ಎಂದು ಕಣ್ಣಲ್ಲೇ ಅಳೆಯಿರಿ. ಅದರ ಅರ್ಧದಷ್ಟು ಕಂಕುಳ ಸುತ್ತನ್ನು ಮೇಲಕ್ಕೆ ಇಟ್ಟು ಕತ್ತರಿಸಿ.”

ಕಮೆಂಟಿನ ಕೆಳಗೆ ಸಾವಿರ ಜನ ಕೈಮುಗಿದರು. ಅವಳು ಮಾತ್ರ ಅಂದು ಏನೂ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತಾನೇ ಹೊಲಿದ ಒಂದು ಅಂಗಿ. ದರ್ಜಿ ಪರದೆಯ ಹೊರಗೆ ಬಂದ. ಅವಳು ಮೇಲಿನ ಹಲಗೆಯ ಕಡೆ ನೋಡಿದಳು. ಯಾರೂ ಹೇಳದೆಯೇ ಕೈ ಎತ್ತಿ ದಾರದ ಡಬ್ಬಿಯನ್ನು ಕೆಳಗಿಳಿಸಿದಳು.

“ಒಂಬತ್ತು ವರ್ಷ ಇದನ್ನು ಮೇಲಿಟ್ಟವಳು ನಾನು. ನಿಮಗೆ ಭುಜ ನೋವು ಅಂತಲೇ ತಿಳಿದಿದ್ದೆ ಮಾಸ್ತರೇ. ಹಳೆ ಕತ್ತರಿ ಯಾರು ಅಂತ ಎಲ್ಲರೂ ಕೇಳುತ್ತಿದ್ದಾರೆ. ನೀವು ಹೂಂ ಅಂದರೆ ಫೋನಿನ ಮುಂದೆಯೇ ನಿಮ್ಮ ಪಾದ ಮುಟ್ಟಿ ಹೇಳುತ್ತೇನೆ.”

ದರ್ಜಿ ಹೂಂ ಅಂದರೆ ವಿದ್ಯೆಯೆಲ್ಲ ಅವನದಾಗುತ್ತಿತ್ತು. ಬೈಗುಳಗಳೂ ಅವನವೇ ಆಗುತ್ತಿದ್ದವು. ಆ ಮೂರನೆಯ ಹೆಸರು ಯಾರದೆಂದು ಊಹಿಸಲು ಜನಕ್ಕೆ ಒಂದು ಗಳಿಗೆ ಸಾಕಾಗುತ್ತಿತ್ತು. ಇಷ್ಟು ದಿನ ಯಾವ ಮರ್ಯಾದೆಗಾಗಿ ಹೊಟ್ಟೆ ಉರಿದುಕೊಂಡಿದ್ದನೋ ಅದು ತಟ್ಟೆಯಲ್ಲಿ ಎದುರಿಗೆ ಬಂದು ನಿಂತಿತ್ತು. ಕೈ ಚಾಚುವ ಹಾಗಿರಲಿಲ್ಲ.

“ಆ ಹೆಸರಿನವನು ಯಾರೋ ನನಗೆ ಗೊತ್ತಿಲ್ಲಮ್ಮಾ” ಎಂದ.

ಅವಳು ವಾದ ಮಾಡಲಿಲ್ಲ. ಡಬ್ಬಿಯನ್ನು ಮತ್ತೆ ಹಲಗೆಯ ಮೇಲಿಟ್ಟಳು. ತಟ್ಟೆಯನ್ನು ಅದರ ಪಕ್ಕದಲ್ಲಿಟ್ಟು, ಡಬ್ಬಿಗೆ ಕೈಮುಗಿದು ಹೋದಳು.

ದರ್ಜಿ ಈಗಲೂ ರವಿಕೆ ಹೊಲಿಯುತ್ತಾನೆ. ಈಗಲೂ ಡಬ್ಬಿ ತೆಗೆದುಕೊಡಿ ಎನ್ನುತ್ತಾನೆ, ಬೇರೆ ದಾರಿಯಿಲ್ಲ. ಬಂದ ಹೆಂಗಸರು ಕೈ ಎತ್ತಿ, ಅಳತೆಗೆಂದು ಹಾಗೆಯೇ ನಿಂತು, ನಗುತ್ತಾ ಹೇಳುತ್ತಾರೆ: “ಓಹೋ ಮಾಸ್ತರೇ, ನೀವೂ ಆ ಹಳೆ ಕತ್ತರಿಯನ್ನು ನೋಡಿ ಕಲಿತಿರಾ!”

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಬುಟ್ಟಿಯಲ್ಲಿ ಶೇಂಗಾ ಮುಗಿದಿತ್ತು. ರಾಚಯ್ಯ ಒಂದು ಕಾಯಿಯನ್ನೂ ಸುಲಿದಿರಲಿಲ್ಲ.

“ಆದರೂ ಗುರುಗಳೇ, ಅವನು ತೋರಿಸಿದ ತಪ್ಪುಗಳು ನಿಜವಾಗಿಯೂ ತಪ್ಪುಗಳೇ. ಅವಳಿಗೆ ಅದರಿಂದ ಒಳ್ಳೆಯದೇ ಆಯಿತಲ್ಲ?” ಎಂದ.

“ಆಯಿತು. ಚೆನ್ನವೀರನಿಗೂ ಆಗಿದೆ. ಇವತ್ತು ಹೊತ್ತು ಇಳಿದ ಮೇಲೆ ನೀರು ಹಾಕುತ್ತಿದ್ದ, ನಾನೇ ನೋಡಿದೆ” ಎಂದರು ಗುರುಗಳು. ಮಡಿಲಿಗೆ ಬಿದ್ದ ಸಿಪ್ಪೆಯನ್ನು ಕೊಡವಿ ಎದ್ದರು. ಬಾಗಿಲ ತನಕ ಹೋಗಿ ತಿರುಗಿ ಕೇಳಿದರು:

“ರಾಚಯ್ಯ, ನಿನ್ನ ಫೋನಿನಲ್ಲಿ ಎಷ್ಟು ಹೆಸರುಗಳಿವೆ?”