ಸಿಪಾಯಿಗೆ ದನಿ ಹೋದ ದಿನ

ಸಭಾಪಾಲಕ ಎಬೆನೇಜರ ಅಯ್ಯನವರ ಮನೆಯಲ್ಲಿ ಸಿಪಾಯಿ ಎಂಬ ನಾಯಿಯಿತ್ತು. ಕಾವಲಿನಲ್ಲಿ ಚೂರು ತಪ್ಪಿದರೂ ತನ್ನನ್ನು ಹೊರಗಟ್ಟುತ್ತಾರೆಂದು ಅದಕ್ಕೆ ಸದಾ ಭಯ. ಎಲೆ ಅಲುಗಿದರೂ ಬೊಗಳುತ್ತಿತ್ತು, ತೂಕಡಿಕೆ ಬಂದರೆ ತನ್ನ ಕಾಲನ್ನು ತಾನೇ ಕಚ್ಚಿಕೊಳ್ಳುತ್ತಿತ್ತು. ಭಾನುವಾರ ಚರ್ಚಿನ ಬಾಗಿಲಲ್ಲಿ ಕೂತು ಪ್ರಸಂಗ ಕೇಳುವಾಗಲೂ ಆಜ್ಞೆಗಳಷ್ಟೇ ಅದರ ಕಿವಿಗೆ ಬೀಳುತ್ತಿದ್ದವು. ಕೃಪೆಯ ಮಾತು ಬರುವ ಹೊತ್ತಿಗೆ ಬೊಗಳಲು ಎದ್ದು ಹೋಗಿರುತ್ತಿತ್ತು.

ಒಮ್ಮೆ ಗಂಟಲು ಬಾತು ಸಿಪಾಯಿಗೆ ದನಿಯೇ ಹೊರಡಲಿಲ್ಲ. ಅಂದೇ ಹಾಡಹಗಲಲ್ಲಿ ಕಳ್ಳನೊಬ್ಬ ಹಿತ್ತಲಿನ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಹೋದ. ಸಿಪಾಯಿ ನಾಚಿ ಸೌದೆ ರಾಶಿಯ ಹಿಂದೆ ಅಡಗಿತು. ಮನೆಯ ಮುದಿ ಬೆಕ್ಕು ಅದನ್ನು ಕಂಡು, "ಇಲ್ಲೇನು ಮಾಡುತ್ತಿದ್ದೀಯ?" ಎಂದಿತು.

"ಹೊರಟುಹೋಗುತ್ತೇನೆ ಅಜ್ಜಿ. ಈ ಮನೆಯ ಅನ್ನ ಉಣ್ಣುವ ಯೋಗ್ಯತೆ ಇನ್ನು ನನಗಿಲ್ಲ," ಎಂದು ಸಿಪಾಯಿ ಪಿಸುಗುಟ್ಟಿತು.

"ಯಾವತ್ತು ಇತ್ತು? ಅಯ್ಯನವರು ನಿನ್ನನ್ನು ಚರಂಡಿಯಿಂದ ಎತ್ತಿ ತಂದಾಗ ನೀನಿನ್ನೂ ಕಣ್ಣೇ ಬಿಟ್ಟಿರಲಿಲ್ಲ. ಆಗ ಯಾವ ಕಳ್ಳನನ್ನು ಹಿಡಿದುಕೊಟ್ಟಿದ್ದೆ?"

ಅಷ್ಟರಲ್ಲಿ ಅಯ್ಯನವರೇ ಹುಡುಕಿಕೊಂಡು ಬಂದರು. ಹಂಡೆಯ ಮಾತೆತ್ತಲಿಲ್ಲ. "ಇಲ್ಲಿದ್ದೀಯೇನೋ ಮಗನೇ!" ಎಂದು ಮಣ್ಣಿನಲ್ಲೇ ಕೂತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಚ್ಚನೆಯ ಗಂಜಿಯನ್ನು ಬೆರಳಿನಿಂದ ನೆಕ್ಕಿಸಿದರು.

ಗಂಟಲು ವಾಸಿಯಾದ ಮೇಲೂ ಸಿಪಾಯಿ ಕಾವಲು ಬಿಡಲಿಲ್ಲ. ಆದರೆ ನಿದ್ದೆ ಬಂದಾಗ ನೆಮ್ಮದಿಯಾಗಿ ಮಲಗುತ್ತಿತ್ತು.

"ಅನ್ನ ಹೇಗೂ ಸಿಗುತ್ತದಲ್ಲ, ಮತ್ತೇಕೆ ಕಾಯುತ್ತೀ?" ಎಂದು ಬೆಕ್ಕು ಕೆಣಕಿತು.

"ಇದು ನನ್ನ ಮನೆಯಲ್ಲವೇ, ಅಜ್ಜಿ?" ಎಂದಿತು ಸಿಪಾಯಿ.